ಊದಿ ಊದಿ ಕೆಡಿಸಿದ ವೀಡಿಯೋ ಗೇಮ್

ಹಾಳು ಮಾಡಿದ್ದು ನೀವೇ. ಮೂವತ್ತು ವರ್ಷದ ವೀಡಿಯೋ ಗೇಮ್ ತಾನಾಗಿ ಕೆಡುವುದಿಲ್ಲ. ಕ್ಯಾಸೆಟ್ ಹಿಡಿಯದಿದ್ದರೆ ಅದರ ಬುಡಕ್ಕೆ ಬಾಯಿ ಇಟ್ಟು ಊದುತ್ತೀರಿ, ಎಂಜಲು ಹಾರಿಸುತ್ತೀರಿ, ಆಮೇಲೆ ಕಂಪನಿಗೆ ಬೈಯುತ್ತೀರಿ. ಕಾಪುವಿನಲ್ಲಿ ರಿಪೇರಿ ಮೇಜು ಹಾಕಿ ಕೂತ ನನಗೆ ಇದು ವಾರಕ್ಕೊಮ್ಮೆಯಾದರೂ ತಪ್ಪಿದ್ದಲ್ಲ. ನಾನು ಕಾಲೇಜಿನಲ್ಲಿ ಕಲಿತವನಲ್ಲ, ಕೆಟ್ಟದ್ದನ್ನು ಬಿಚ್ಚಿ ಕಲಿತವನು. ಹಾಗಾಗಿ ಹೇಳುವ ಹಕ್ಕು ಉಂಟು.

ಎಣ್ಣೆ

ನಿವೃತ್ತ ಟೀಚರ್ ಒಬ್ಬರು, ಗಂಡ ದುಬೈಯಿಂದ ತಂದಿದ್ದ ಗೇಮನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ತಂದರು. ಭಾನುವಾರದೊಳಗೆ ಸರಿಯಾಗಬೇಕಂತೆ. ಕಾರ್ಕಳದ ತಮ್ಮನ ಜೊತೆ ಆಡುವಾಗ, ಅವನು ಸೋಲುವ ಹೊತ್ತಿಗೆ ಪರದೆ ತುಂಬ ಗೆರೆ ಬರುತ್ತದಂತೆ. ಮೆಷಿನ್ ಕೆಟ್ಟಿದೆ, ಆಟ ಲೆಕ್ಕಕ್ಕಿಲ್ಲ ಎಂದು ಎದ್ದು ಹೋಗುತ್ತಾನಂತೆ. "ಸೋತೆ ಅಂತ ಅವನ ಬಾಯಲ್ಲಿ ಒಮ್ಮೆ ಕೇಳಬೇಕು ನನಗೆ. ಅಷ್ಟೇ."

ಬಿಚ್ಚಿದೆ. ಕ್ಯಾಸೆಟ್ ಕೂರುವ ಜಾಗದಲ್ಲಿ ತೆಂಗಿನೆಣ್ಣೆ. ಕ್ಯಾಸೆಟಿನ ಲೋಹದ ಪಟ್ಟಿಗಳ ಮೇಲೆ ಕೆಂಪು ಕಲೆ. ಕಲೆ ಕಡಲ ಉಪ್ಪುಗಾಳಿಯ ತುಕ್ಕು ಎಂದು ಭಾಷಣ ಬಿಗಿದು, ಎಣ್ಣೆ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಹೊಲಿಗೆ ಮೆಷಿನಿಗೆ ಬಿಡುವುದಿಲ್ವಾ ಎಂದರು. ಅದರಲ್ಲಿ ಚಕ್ರ ಓಡುತ್ತದೆ ಟೀಚರ್, ಇದರಲ್ಲಿ ಎಂತ ಓಡುತ್ತದೆ ಎಂದೆ.

"ಒಳಗೆ ಒಬ್ಬ ಓಡ್ತಾನಲ್ಲ ಮಾರಾಯ. ಅವನು ನಿಧಾನ ಆಗಿದ್ದ."

ಸ್ಪೇರ್

ಒಳಗಿನ ಪಿನ್ನುಗಳು ಸಡಿಲವಾಗಿದ್ದವು. ಹೊಸದು ಹುಡುಕಿ ಮಣಿಪಾಲದ ಒಂದು ಅಂಗಡಿಗೆ ಹೋದಾಗ ಟೀಚರೂ ಬಂದರು. ಕೌಂಟರಿನವ ಮುಟ್ಟಿಯೂ ನೋಡಲಿಲ್ಲ. ಇಷ್ಟು ಹಳೆಯದಕ್ಕೆ ಸ್ಪೇರ್ ಬರುವುದಿಲ್ಲ, ಬಿಸಾಡಿ ಹೊಸದು ತೆಗೆದುಕೊಳ್ಳಿ ಎಂದ. ನನ್ನ ರಕ್ತ ಕುದಿಯಿತು. ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಶಾಂತವಾಗಿ ಕೇಳಿದರು.

"ನನಗೂ ಸ್ಪೇರ್ ಬರುವುದಿಲ್ಲ ಮಗಾ. ನನ್ನನ್ನು ಎಲ್ಲಿ ಬಿಸಾಡ್ತೀ?"

ಸ್ಟ್ಯಾಂಡ್

ಕಡೆಗೆ ಎಣ್ಣೆ, ಕಲೆ ಎಲ್ಲ ಒರೆಸಿ, ಟೀಚರ ಹೊಲಿಗೆ ಸೂಜಿಯಿಂದಲೇ ಪಿನ್ನುಗಳನ್ನು ಎತ್ತಿ ನಿಲ್ಲಿಸಿದೆ. ಆದರೆ ಇದಕ್ಕೆ ಹಳೆಯ ದಪ್ಪ ಟಿವಿಯೇ ಬೇಕು. ಅದು ಇದ್ದದ್ದು ತಮ್ಮನ ಮನೆಯಲ್ಲಿ, ಮೊನ್ನೆ ಮೊನ್ನೆ ಬಂದ ಹೊಸ ಟಿವಿಯನ್ನು ತಲೆಯ ಮೇಲೆ ಹೊತ್ತುಕೊಂಡು. ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿದ ಟೀಚರ್ ನನ್ನನ್ನೂ ಕಾರ್ಕಳಕ್ಕೆ ಎಳೆದುಕೊಂಡು ಹೋದರು. ತಮ್ಮ ಅಡ್ಡ ನಿಂತರು. ಅದು ಟಿವಿ ಅಲ್ಲ, ಟಿವಿಯ ಸ್ಟ್ಯಾಂಡ್ ಅಂತೆ.

ಹೊಸದನ್ನು ಕೆಳಗಿಳಿಸಿ ವಯರ್ ಸಿಕ್ಕಿಸಿದೆ. ಸ್ಟ್ಯಾಂಡಿನಲ್ಲಿ ಚಿತ್ರ ಹೊಳೆಯುತ್ತಾ ಬಂತು.

ತುಕ್ಕು

ಊಟ ಆಯಿತು. ತಮ್ಮ ಎಲೆಅಡಿಕೆ ಜಗಿಯುತ್ತಾ ಕೂತರು. ಆಟ ಶುರುವಾಯಿತು, ಅಕ್ಕ ಮುಂದೆ ಹೋದರು. ಜಾಯ್‌ಸ್ಟಿಕ್ ಸರಿಯಿಲ್ಲ ಎಂದರು ತಮ್ಮ, ಅಕ್ಕ ತನ್ನದನ್ನು ಕೊಟ್ಟರು. ಆದರೂ ಅಕ್ಕನೇ ಮುಂದೆ. ಆಗ ತಮ್ಮ ಸರಕ್ಕನೆ ಬಗ್ಗಿ, ಸ್ವಲ್ಪ ಧೂಳು ಕೂತಿದೆ ಎಂದು ಕ್ಯಾಸೆಟ್ ಕಿತ್ತು, ಕೆನ್ನೆ ಉಬ್ಬಿಸಿ ಊದಿ ಮತ್ತೆ ತುರುಕಿದರು. ಪರದೆ ತುಂಬ ಗೆರೆ.

"ನೋಡಿದ್ರಾ? ಮೆಷಿನ್ ಕೆಟ್ಟಿದೆ."

ನಾನು ಕ್ಯಾಸೆಟ್ ತೆಗೆದು ನೋಡಿದೆ. ಲೋಹದ ಪಟ್ಟಿಗಳ ಮೇಲೆ ಹಸಿ ಕೆಂಪು. ನಾನು ಕಾಪುವಿನಲ್ಲಿ ಭಾಷಣ ಬಿಗಿದಿದ್ದ ಉಪ್ಪುಗಾಳಿ ಕಾರ್ಕಳದ ಈ ಬಾಯಿಂದ ಬೀಸುತ್ತಿತ್ತು. ಟೀಚರ್ ಕ್ಯಾಸೆಟ್ ನೋಡಿದರು, ತಮ್ಮನ ತುಟಿ ನೋಡಿದರು.

"ಎದ್ದು ಬಾಯಿ ಮುಕ್ಕಳಿಸಿ ಬಾ. ಆಮೇಲೆ ಸೋಲು."

ನಾನು ಸ್ಪಿರಿಟ್ ಹಾಕಿ ಒರೆಸಿದೆ. ಅವರು ಬಂದರು, ಮೊದಲಿನಿಂದ ಆಡಿದರು, ಸೋತರು. ಟಿವಿಯ ಕಡೆ ಮುಖ ಮಾಡಿ, ಸೋತೆ ಎಂದು ಗೊಣಗಿದರು.

"ಸ್ಟ್ಯಾಂಡಿಗೆ ಹೇಳಿದ್ದು ಲೆಕ್ಕಕ್ಕಿಲ್ಲ," ಎಂದರು ಟೀಚರ್. "ನನಗೆ ಹೇಳು."

ಹೇಳಿದರು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದೀತು. ಇವತ್ತೇ ಇಳಿಸಿ. ಒಣ ಬಟ್ಟೆಗೆ ಸ್ಪಿರಿಟ್ ತಾಗಿಸಿ ಕ್ಯಾಸೆಟ್ ಒರೆಸಿ. ಎಣ್ಣೆ ಬಿಡಬೇಡಿ, ಊದಬೇಡಿ. ಆದರೂ ಗೆರೆ ಬಂದರೆ ಮೆಷಿನ್ ಬಿಚ್ಚುವ ಮೊದಲು, ಮನೆಯಲ್ಲಿ ಯಾವಾಗಲೂ ಸೋಲುವವರು ಯಾರೋ ಅವರ ಬಾಯಿ ತೆರೆಸಿ ನೋಡಿ.