ಹಾಳೆಗೆ ಹಿಡಿಯದ ಮನೆ

ಗೋಪೀನಾಥ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನ ಕೆಲಸ ಬಿಟ್ಟು, ಮನೆಗಳ ಪ್ಲಾನು ಹಾಕಿಕೊಡಲೆಂದು ತನ್ನ ಮನೆಯಲ್ಲೇ ಒಂದು ಕಂಪ್ಯೂಟರನ್ನು ಪ್ರತಿಷ್ಠಾಪಿಸಿದಾಗ ಹೊಸೂರಿನಲ್ಲಿ ಅಂಥ ಸಾಹಸಕ್ಕೆ ಕೈ ಹಾಕಿದವರು ಇನ್ನೊಬ್ಬರಿರಲಿಲ್ಲ. (ಬೇರೆಯವರು ಯಾಕೆ ಹಾಕಲಿಲ್ಲ ಎಂದು ಆತ ಯೋಚಿಸಬಹುದಿತ್ತು. ಯೋಚಿಸಲಿಲ್ಲ.) ಅದು ಎಂಬತ್ತೆಂಟನೆಯ ಇಸವಿ. ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಕಂಪನಿಯಿಂದ ಟೆಂಪೋದಲ್ಲಿ ಬಂದ ಆ ಕಂಪ್ಯೂಟರಿನ ಜೊತೆಗೆ ಪ್ಲಾಟರ್ ಎಂಬ ಇನ್ನೊಂದು ಯಂತ್ರವೂ ಇತ್ತು. ಅದು ಪೆನ್ನು ಹಿಡಿದು ತಾನೇ ಗೆರೆ ಎಳೆಯುತ್ತಿತ್ತು. "ಇನ್ನು ಮೇಲೆ ನಾನು ಮನೆ ಬರೆಯೋದಿಲ್ಲ, ಬರೆಸ್ತೀನಿ" ಎಂದು ಗೋಪೀನಾಥ ಬೀದಿಗೆಲ್ಲ ಹೇಳಿ, ಹಳೆಯ ಡ್ರಾಯಿಂಗ್ ಬೋರ್ಡು, ಶಾಯಿ ಪೆನ್ನು ಎಲ್ಲವನ್ನೂ ಕಾರ್ಖಾನೆಯ ಗೆಳೆಯನೊಬ್ಬನಿಗೆ ದಾನ ಮಾಡಿಬಿಟ್ಟ.

ಮೊದಲ ಗಿರಾಕಿ ರಾಯಕೋಟೆಯ ಶ್ಯಾಮಣ್ಣ. ತೋಟದಲ್ಲಿ ಒಳ್ಳೆಯ ಬೆಳೆ ಕಂಡವರು. ಹೊಸೂರಿನ ಆಲಸನತ್ತದಲ್ಲಿ ಸೈಟು ತಗೊಂಡು ಮನೆ ಕಟ್ಟಿಸಲು ಹೊರಟಿದ್ದರು. ನಾಳೆ ಬೆಳಗ್ಗೆ ಭೂಮಿಪೂಜೆ. ಪ್ಲಾನಿಗೆ ಅರಿಶಿನ ಹಚ್ಚಿ ಪೂಜೆಯಲ್ಲಿ ಇಡಬೇಕು, ಅದಕ್ಕೆ ಇವತ್ತು ಮಧ್ಯಾಹ್ನ ಹೆಂಡತಿಯ ಜೊತೆ ಬಂದು ತಗೊಂಡು ಹೋಗುತ್ತೇವೆ, ಊಟವನ್ನೂ ಅಲ್ಲೇ ಮಾಡುತ್ತೇವೆ ಎಂದು ಹೇಳಿ ಕಳಿಸಿದ್ದರು. ಈ ಮನೆ ಕೈತಪ್ಪಿದರೆ ರಾಯಕೋಟೆಯಿಂದ ಇನ್ನೊಬ್ಬ ಗಿರಾಕಿ ಬರುವುದಿಲ್ಲ ಎಂದು ಗೋಪೀನಾಥನಿಗೆ ಗೊತ್ತಿತ್ತು. ಬಿಟ್ಟ ಕೆಲಸ ಮತ್ತೆ ಸಿಗುವುದಿಲ್ಲ ಎಂಬುದು ಅವನ ಹೆಂಡತಿ ರಾಧಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಬೆಳಗ್ಗೆ ಸ್ನಾನ ಮಾಡಿ, ಯಂತ್ರಕ್ಕೆ ಊದಿನಕಡ್ಡಿ ಬೆಳಗಿ ಗೋಪೀನಾಥ ಮೊದಲ ಹಾಳೆ ಇಟ್ಟ. ಪರದೆಯ ಮೇಲೆ ಮನೆ ಅರಮನೆಯಂತೆ ಕಾಣುತ್ತಿತ್ತು. ಪ್ಲಾಟರ್ ಗುರ್ ಎಂದಿತು, ಪೆನ್ನು ಹಾಳೆಯ ಒಂದು ಮೂಲೆಗೆ ಹೋಗಿ ಏನನ್ನೋ ಕೆರೆದು, ಕೈ ತೊಳೆದುಕೊಂಡಂತೆ ಹಿಂದಕ್ಕೆ ಬಂದು ನಿಂತಿತು. ಹಾಳೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಮನೆ.

ಗೋಪೀನಾಥನ ತಾಯಿ ಕಾಮಾಕ್ಷಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಗೋಪೀ, ಶ್ಯಾಮಣ್ಣೋರು ಕೋಳಿ ಗೂಡೇನಾದ್ರೂ ಹೇಳಿದ್ರಾ?"

"ಸ್ಕೇಲು ತಪ್ಪಿದೆ ಅಮ್ಮ. ಸರಿ ಮಾಡ್ತೀನಿ."

ಸ್ಕೇಲು ಸರಿ ಮಾಡುವುದೆಂದರೆ ಮನೆಯನ್ನು ಎಷ್ಟು ಕುಗ್ಗಿಸಬೇಕು, ಹಾಳೆಯಲ್ಲಿ ಎಲ್ಲಿ ಕೂರಿಸಬೇಕು, ಅಂಚು ಎಷ್ಟು ಬಿಡಬೇಕು ಎಂದು ಯಂತ್ರಕ್ಕೆ ಒಂದೊಂದಾಗಿ ಉಪದೇಶಿಸುವುದು. ಗೋಪೀನಾಥ ಬೆವರೊರೆಸಿಕೊಳ್ಳುತ್ತ ಉಪದೇಶ ಮುಗಿಸುವ ಹೊತ್ತಿಗೆ ಅಡುಗೆಮನೆಯಿಂದ ರಾಧಮ್ಮ ಕೂಗಿದಳು.

"ರೀ, ಚಟ್ನಿಗೆ ಮಿಕ್ಸಿ ಹಾಕ್ತೀನಿ."

"ಹಾಕಬೇಡ. ಮಿಕ್ಸಿ ಹಾಕಿದ್ರೆ ಕರೆಂಟು ಕುಗ್ಗುತ್ತೆ, ಇದು ಆರಿಹೋಗುತ್ತೆ."

"ಹಾಗಾದ್ರೆ ಬಂದೋರಿಗೆ ಏನು ಬಡಿಸಲಿ, ನಿಮ್ಮ ಪ್ಲಾನಾ?"

"ಒಂದು ಗಳಿಗೆ ತಡಿ ಮಾರಾಯ್ತಿ."

ರಾಧಮ್ಮ ತಡೆದಳು. ಹಿತ್ತಲಿನಿಂದ ಆಗತಾನೆ ಒಳಗೆ ಬಂದ ಕಾಮಾಕ್ಷಮ್ಮನಿಗೆ ಈ ಒಪ್ಪಂದದ ಸುದ್ದಿ ಗೊತ್ತಿರಲಿಲ್ಲ. ತೆಂಗಿನಕಾಯಿ ತುಂಬಿ ಸುಮ್ಮನೆ ನಿಂತ ಮಿಕ್ಸಿಯನ್ನು ಕಂಡು, ಸೊಸೆ ಮರೆತಳೇನೋ ಎಂದು ತಾವೇ ತಿರುಗಿಸಿದರು. ಇತ್ತ ಪರದೆ ಒಮ್ಮೆ ಕಣ್ಣು ಮಿಟುಕಿಸಿ ಕಪ್ಪಾಯಿತು. ಬೆಳಗಿನಿಂದ ಮಾಡಿದ ಉಪದೇಶವೆಲ್ಲ ಚಟ್ನಿಯಾಯಿತು.

ತಾಯಿಯನ್ನು ಬೈಯುವಂತಿಲ್ಲ, ಹೆಂಡತಿಯನ್ನು ಬೈದರೆ ಊಟವಿಲ್ಲ. ಯಂತ್ರವನ್ನು ಬೈಯೋಣವೆಂದರೆ ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೇನೂ ತಿಳಿಯದು.

ಗೋಪೀನಾಥ ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಿಕೊಟ್ಟ. ಈ ಸಲ ಪೆನ್ನು ಹಾಳೆಯ ಉದ್ದಗಲಕ್ಕೂ ಗಂಭೀರವಾಗಿ ಓಡಾಡಿತು. ಗೋಡೆ ಎಳೆಯಿತು, ಬಾಗಿಲು ಬಿಟ್ಟಿತು, ಮೆಟ್ಟಿಲು ಹತ್ತಿ ಇಳಿಯಿತು. ಹಾಳೆ ಮಾತ್ರ ಇಟ್ಟಾಗ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ಪೆನ್ನಿನ ಶಾಯಿ ಒಣಗಿತ್ತು.

"ಎಷ್ಟು ಚೊಕ್ಕಟವಾಗಿದೆ" ಎಂದಳು ರಾಧಮ್ಮ, ಹಿಂದೆ ಬಂದು ನಿಂತು. "ಗುಡಿಸೋ ಕೆಲಸವೂ ಇರಲ್ಲ ಆ ಮನೇಲಿ."

"ನೀನು ಒಳಗೆ ಹೋಗು."

"ಹೋಗ್ತೀನಿ. ಅವರ ಬಸ್ಸು ಬರೋ ಹೊತ್ತಾಯ್ತು, ಅದನ್ನ ಹೇಳೋಕೆ ಬಂದೆ."

ಬೇರೆ ಪೆನ್ನು ಹಾಕಿ, ಉಳಿದಿದ್ದ ಕೊನೆಯ ಹಾಳೆಯನ್ನು ಗೋಪೀನಾಥ ಯಂತ್ರಕ್ಕೆ ಒಪ್ಪಿಸಿದ. ಯಂತ್ರ ಮತ್ತೆ ಸ್ಕೇಲು ಕೇಳಿದಾಗ, ಬಸ್ಸಿನ ಅವಸರದಲ್ಲಿ ಒಂದಡಿಗೆ ಕಾಲಂಗುಲ ಎನ್ನುವ ಬದಲು ಎರಡಂಗುಲ ಎಂದು ಒತ್ತಿಬಿಟ್ಟದ್ದು ಅವನಿಗೆ ಗೊತ್ತಾಗಲಿಲ್ಲ. ಪೆನ್ನು ಕಪ್ಪಗೆ, ಸೊಗಸಾಗಿ, ಒಂದು ತೊಟ್ಟೂ ಸೋರದೆ ಗೆರೆ ಎಳೆಯಿತು. ಒಲೆಕಟ್ಟೆ ಬಂತು. ಪಾತ್ರೆ ತೊಳೆಯುವ ತೊಟ್ಟಿ ಬಂತು. ಕಿಟಕಿ ಬಂತು. ಅಷ್ಟರಲ್ಲಿ ಹಾಳೆ ಮುಗಿದುಹೋಯಿತು. ಅಡುಗೆಮನೆ ಒಂದೇ ಹಾಳೆಯ ತುಂಬ ಕೂತಿತ್ತು. ಉಳಿದ ಮನೆ, ಅಳತೆಯ ಅಂಕಿಗಳ ಸಮೇತ, ಹಾಳೆಯಾಚೆ ಎಲ್ಲೋ ಗಾಳಿಯಲ್ಲಿತ್ತು.

ಹೊರಗೆ ಗೇಟಿನ ಚಿಲಕ ಸದ್ದಾಯಿತು.

ಗೋಪೀನಾಥ ಹಾಳೆಯನ್ನು ಸುರುಳಿ ಸುತ್ತಿ ಬೆನ್ನ ಹಿಂದೆ ಹಿಡಿದುಕೊಂಡ. ಶ್ಯಾಮಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದರು. ಹಿಂದೆಯೇ ಅವರ ಹೆಂಡತಿ ರಾಮಲಕ್ಷ್ಮಮ್ಮ, ಕೈಯಲ್ಲಿ ಒಂದು ಚೀಲ ಅವರೆಕಾಯಿ.

"ಬರೆದುಬುಡ್ತಾ ಸ್ವಾಮಿ ನಿಮ್ ಮಿಷನ್ನು?" ಎಂದರು ಶ್ಯಾಮಣ್ಣ.

"ಬರೆದಿದೆ. ಆದ್ರೆ ಅದು ಒಂದು ಸ್ವಲ್ಪ..."

"ಇಲ್ಲೇ ಐತಲ್ಲ" ಎನ್ನುತ್ತ ರಾಮಲಕ್ಷ್ಮಮ್ಮ ಅವನ ಬೆನ್ನ ಹಿಂದಿನಿಂದ ಸುರುಳಿಯನ್ನು ಎಳೆದುಕೊಂಡು ನೆಲದ ಮೇಲೆ ಹಾಸಿ ಕೂತರು. ಶ್ಯಾಮಣ್ಣ ಹಾಳೆಯನ್ನು ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

"ಇದೇನ್ ಸ್ವಾಮಿ, ಬರೀ ಒಲೆಕಟ್ಟೆ ಐತೆ. ನನ್ ಹಾಲು ಎಲ್ಲೋಯ್ತು?"

"ಕಾಯ್ತಾ ಇದೆ ಶ್ಯಾಮಣ್ಣೋರೆ" ಎಂದು ಒಳಗಿನಿಂದ ರಾಧಮ್ಮ ಉತ್ತರ ಕೊಟ್ಟಳು. "ಇನ್ನೇನು ಉಕ್ಕುತ್ತೆ, ಕಾಫಿ ತಂದೆ."

"ಉಕ್ಕುತ್ತಾ?" ಎಂದು ಶ್ಯಾಮಣ್ಣ ಹಾಳೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

ರಾಮಲಕ್ಷ್ಮಮ್ಮ ಮಾತ್ರ ತಲೆ ಎತ್ತಲಿಲ್ಲ. ಒಲೆಕಟ್ಟೆಯ ಗೆರೆಯ ಮೇಲೆ ಬೆರಳು ಎಳೆಯುತ್ತ ಕೇಳಿದರು. "ಇದು ಪೂರ್ತಿ ಅಡುಗೆಮನೇನಾ ಸ್ವಾಮಿ?"

ನಿಜ ಹೇಳಿದರೆ ಗಿರಾಕಿ ಹೋಗುತ್ತಾರೆ. ಗೋಪೀನಾಥ "ಹೌದಮ್ಮ" ಎಂದ.

ಆಕೆ ಗಂಡನ ಕಡೆ ತಿರುಗಿದರು. "ನೋಡಿದ್ರಾ? ಊರಿನಾಗೆ ಪ್ಲಾನು ಹಾಕೋರೆಲ್ಲಾ ಹಾಲು, ವರಾಂಡ ಅಂತ ಕೊಚ್ಚಿ, ಕೊನೇಗೆ ಉಳಿದಿದ್ದ ಸಂದಿನಾಗೆ ಒಲೆ ಇಡೋರು. ಅಡುಗೆಮನೆಗೆ ಇಡೀ ಹಾಳೆ ಕೊಟ್ಟೋರು ಇವರೊಬ್ಬರೇ ಕಣ್ರೀ."

ಗೋಪೀನಾಥನ ಜೀವ ತಿರುಗಿ ಬಂತು. ಬಂದದ್ದು ಸುಮ್ಮನೆ ಬರಲಿಲ್ಲ, ಭಾಷಣದ ಸಮೇತ ಬಂತು. ಮನೆ ಎಂಬ ದೇಹಕ್ಕೆ ಅಡುಗೆಮನೆಯೇ ಹೃದಯವೆಂದ. ಹೃದಯ ಕಿರಿದಾದರೆ ಸಂಸಾರ ಏದುಸಿರು ಬಿಡುತ್ತದೆಂದ. ಗೃಹಿಣಿಯನ್ನು ಇಕ್ಕಟ್ಟಿನಲ್ಲಿ ನಿಲ್ಲಿಸುವವನು ಪ್ಲಾನು ಬರೆಯಲು ಯೋಗ್ಯನೇ ಅಲ್ಲವೆಂದು ಸಾರಿದ. ಅದಕ್ಕಾಗಿಯೇ ಮೊದಲ ಹಾಳೆಯನ್ನು ಅಡುಗೆಮನೆಗೆ ಸಮರ್ಪಿಸಿದ್ದಾಗಿ ಹೇಳಿ ಶ್ಯಾಮಣ್ಣನವರೂ ತಲೆದೂಗುವಂತೆ ಮಾಡಿದ.

"ನಾಳೆ ಪೂಜೆಗೆ ಇದೇ ಇರ್ಲಿ. ಮಿಕ್ಕಿದ್ದು ಆಮೇಲೆ ಬರೀರಿ" ಎಂದು ರಾಮಲಕ್ಷ್ಮಮ್ಮ ಎದ್ದರು. "ತಡೀರಿ, ಕಾಫಿ ಲೋಟ ನಾನೂ ಹಿಡ್ಕಂಡು ಬತ್ತೀನಿ. ನಿಮ್ ಅಡುಗೆಮನೆ ಹೆಂಗೈತೋ ನೋಡಬೇಕು."

ಗೋಪೀನಾಥ ಕೈ ಚಾಚಿ ತಡೆಯುವಷ್ಟರಲ್ಲಿ ಆಕೆ ಹೊರಟಾಗಿತ್ತು. ಒಳಗಿನಿಂದ ಆಕೆಯ ಮತ್ತು ಕಾಮಾಕ್ಷಮ್ಮನ ಮಾತು ಕೇಳಿಸಿತು.

"ದೊಡ್ಡಮ್ಮ, ನೀವು ಒಸಿ ಹೊರಗೆ ಬನ್ನಿ, ಆಮೇಲೆ ನಾನು ಒಳಗೆ ಬತ್ತೀನಿ."

"ನಾನು ಹೊರಗೆ ಬರಬೇಕಾದ್ರೆ ರಾಧೆ ಒಲೆ ಪಕ್ಕ ಒತ್ತರಿಸಬೇಕಮ್ಮ. ತಾಳು, ಸಾರು ಇಳಿಸಲಿ."

ಆಮೇಲೆ ಒಂದು ಪಾತ್ರೆ ಬಿದ್ದ ಸದ್ದು. ರಾಮಲಕ್ಷ್ಮಮ್ಮ ಹಿಂದಕ್ಕೆ ಬಂದರು, ಸೀರೆಯ ಸೆರಗಿಗೆ ಬಾಗಿಲ ಮಸಿ ಮೆತ್ತಿಕೊಂಡಿತ್ತು.

"ಈ ಮನೆ ಪ್ಲಾನು ಯಾರದು?"

"ಇವರದೇ" ಎಂದಳು ಅವರ ಹಿಂದೆ ಬಂದ ರಾಧಮ್ಮ, ಕಾಫಿಯ ತಟ್ಟೆ ಇಡುತ್ತ. ಭಾಷಣ ಪೂರ್ತಿ ಅವಳ ಕಿವಿಗೆ ಬಿದ್ದಿತ್ತೆಂದು ಗೋಪೀನಾಥನಿಗೆ ಮುಖ ನೋಡಿದ ಕೂಡಲೇ ತಿಳಿಯಿತು.

"ಅದು ಕೈಯಲ್ಲಿ ಬರೆದ ಕಾಲ" ಎಂದ ಮೆಲ್ಲಗೆ. "ಆಗ ಕಂಪ್ಯೂಟರ್ ಇರಲಿಲ್ಲ."

"ಈಗ ಐತಲ್ಲ" ಎಂದರು ರಾಮಲಕ್ಷ್ಮಮ್ಮ. "ಮೊದ್ಲು ನಿಮ್ ಮನೇಲಿ ಈ ಹಾಳೆನಾಗಿರೋ ಹಂಗೆ ಕಟ್ಟಿ ತೋರ್ಸಿ ಸ್ವಾಮಿ. ನಾನು ಬಂದು ನಿಂತು ನೋಡ್ತೀನಿ. ಚೆನ್ನಾಗಿದ್ರೆ ನಮ್ದೂ ನೀವೇ ಬರೀರಿ."

ಶ್ಯಾಮಣ್ಣ ಹೆಂಡತಿಯ ಮಾತಿಗೆ ಎದುರಾಡುವವರಲ್ಲ. "ಅದೂ ಸರಿನೇ" ಎಂದು ಕಾಫಿ ಕುಡಿದರು.

ಭೂಮಿಪೂಜೆ ಆ ಅಡುಗೆಮನೆಯ ಹಾಳೆಗೇ ನಡೆಯಿತು. ಅದೇ ವಾರ ಮೇಸ್ತ್ರಿ ಬಂದು ಗೋಪೀನಾಥನ ಮನೆಯಲ್ಲಿ ಅಳತೆ ಹಿಡಿದ. ಅಡುಗೆಮನೆ ಬೆಳೆಯಲು ಇದ್ದ ಜಾಗ ಒಂದೇ, ಪಕ್ಕದ ಕೋಣೆ. ಆ ಕೋಣೆಯಲ್ಲಿ ಕೂತಿದ್ದದ್ದು ಕಂಪ್ಯೂಟರು. ಗೋಡೆ ಒಡೆಯುವ ಮೊದಲು ಅದನ್ನು ಎತ್ತಿಕೊಂಡು ಎಲ್ಲಿಡಲಿ ಎಂದು ಗೋಪೀನಾಥ ಕೇಳಿದಾಗ, ರಾಧಮ್ಮ ಅತ್ತೆಯ ಮಂಚದ ಪಕ್ಕಕ್ಕೆ ಬೆರಳು ತೋರಿಸಿದಳು.

ಹೊಸ ಅಡುಗೆಮನೆ ಎದ್ದ ಮೇಲೆ ರಾಮಲಕ್ಷ್ಮಮ್ಮ ಬಂದು, ನಡುವೆ ನಿಂತು ನೋಡಿ, ಒಪ್ಪಿದರು. ಶ್ಯಾಮಣ್ಣನವರ ಮನೆಯ ಮಿಕ್ಕ ಪ್ಲಾನನ್ನು ಗೋಪೀನಾಥ ತಾಯಿಯ ಮಂಚದ ಪಕ್ಕದಲ್ಲೇ, ಚಾಪೆಯ ಮೇಲೆ ಕೂತು, ಮೊಣಕಾಲು ಮಡಚಿಕೊಂಡು ಹಾಕಿದ. ಪ್ಲಾಟರ್ ಒಂದೊಂದು ಸಲ ಗುರ್ ಎಂದಾಗಲೂ ಕಾಮಾಕ್ಷಮ್ಮ ಮಗ್ಗುಲು ಬದಲಿಸಿ ಹೇಳುತ್ತಿದ್ದರು:

"ಗೋಪೀ, ಮಧ್ಯಾಹ್ನ ಒಂದು ಗಳಿಗೆ ಮಲಗೋಕೆ ಬಿಡೋ. ಆ ಸಾಮಾನನ್ನೆಲ್ಲ ತಗೊಂಡು ಅಡುಗೆಮನೇಲಾದ್ರೂ ಕೂತ್ಕೋ. ಅಲ್ಲಿ ಬೇಕಾದಷ್ಟು ಜಾಗ ಇದೆ."