ಎರಡು ಮ್ಯಾಚ್ ಗೆದ್ದ ತಪ್ಪಿಗೆ

ಸೋಲುವ ತಂಡದ ಕಷ್ಟ ಎಲ್ಲರಿಗೂ ಗೊತ್ತು. ಗೆಲ್ಲಲು ಶುರು ಮಾಡಿದ ತಂಡದ ಕಷ್ಟ ನನ್ನಂಥವರಿಗಷ್ಟೇ ಗೊತ್ತು. ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾನು ಆಟ ಕಲಿಸುವವಳು, ಎಲ್ಲರ ಬಾಯಲ್ಲೂ ‘ಪಿ.ಟಿ. ಮೇಡಂ’. ಹನ್ನೆರಡು ವರ್ಷದಿಂದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟುತ್ತಿದ್ದೇನೆ. ಹನ್ನೊಂದು ವರ್ಷ ಸೀಸನ್ನಿನ ಮೊದಲ ಮ್ಯಾಚಿನಲ್ಲೇ ಸೋತು ನೆಮ್ಮದಿಯಾಗಿ ಮನೆಗೆ ಹೋಗಿ ಉಂಡಿದ್ದೇವೆ. ಈ ವರ್ಷ ಗೆದ್ದುಬಿಟ್ಟೆವು. ಆವತ್ತಿನಿಂದ ನನಗೆ ಕೂತರೆ ನಿಲ್ಲಬೇಕು, ನಿಂತರೆ ಓಡಾಡಬೇಕು ಅನ್ನಿಸತೊಡಗಿತು. ದಿನಕ್ಕೊಂದು ಏನಾದರೂ ಆಗುತ್ತಲೇ ಇತ್ತು.

ಕಪ್ಪಿಗೊಂದು ಜಾಗ

ಮೊದಲ ಮ್ಯಾಚ್ ಹೇಗೆ ಗೆದ್ದೆವು ಅನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎದುರು ತಂಡದವರು ಬಂದಿದ್ದೇ ಐದು ಜನ. ಅದರಲ್ಲೊಬ್ಬಳ ಕಾಲು ಉಳುಕಿತು. ನಾಲ್ವರ ಮೇಲೆ ನಾವು ಐವರು ಬಿದ್ದು, ಒಂದೇ ಒಂದು ಬಾಸ್ಕೆಟ್ ಹೆಚ್ಚು ಹಾಕಿದೆವು.

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ ಕೇಳುವವರೇ ಇಲ್ಲ. ಕೆಮಿಸ್ಟ್ರಿಯವರು ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿ ರಾಜ್ಯ ತಂಡಕ್ಕೆ ಹೋಗುತ್ತಾರೆ ಅಂತ ವಿಚಾರಿಸಿದರು. ಪ್ರಿನ್ಸಿಪಾಲರು ಫೈನಲ್ ಎಲ್ಲಿ, ಅದಕ್ಕೆ ಯಾವ ಬಣ್ಣದ ಕೋಟು ಒಳ್ಳೆಯದು ಅಂತ ಕೇಳಿದರು. ಆಫೀಸಿನ ಸೂಪರಿಂಟೆಂಡೆಂಟ್ ಮಾತಾಡುವ ಜಾತಿಯವರಲ್ಲ, ಕೆಲಸದವರು. ಗಾಜಿನ ಬಾಗಿಲಿನ ಬೀರು ಖಾಲಿ ಮಾಡಿಸಿ, ಅದರಲ್ಲಿದ್ದ ಫೈಲುಗಳನ್ನೆಲ್ಲ ಗಂಟು ಕಟ್ಟಿ ವರಾಂಡದ ಬೆಂಚಿನ ಮೇಲೆ ಒಟ್ಟಿಸಿದ್ದರು. ಇನ್ನೂ ಏಳೆಂಟು ಮ್ಯಾಚ್ ಇದೆ ಸರ್ ಅಂದೆ.

“ಕಪ್ ಕೈಯಾಗೆ ಹಿಡ್ಕಂಡು ಜಾಗ ಹುಡುಕಾಕೆ ಆಗುತ್ತೇನ್ರಿ ಮೇಡಂ?” ಅಂದರು.

ಮಾಯಕೊಂಡದಿಂದ ಒಬ್ಬ ಹುಡುಗಿ ಟಿ.ಸಿ.ಗಾಗಿ ಮೂರು ದಿನ ತಿರುಗಿದಳು. ಗಂಟು ಬಿಚ್ಚಿ ಹುಡುಕುವ ಧೈರ್ಯ ಯಾರಿಗೂ ಇರಲಿಲ್ಲ. ನಾಲ್ಕನೇ ದಿನ ಸೂಪರಿಂಟೆಂಡೆಂಟ್ ಅವಳನ್ನು ಹತ್ತಿರ ಕರೆದು, ಮನೆಯ ಹಿರಿಯರ ಹಾಗೆ ಸಮಾಧಾನ ಹೇಳಿದರು: “ನೋಡಮ್ಮ, ನಾವು ಫೈನಲ್‌ನಾಗೆ ಸೋತ್ರೆ ನಿನ್ನ ಟಿ.ಸಿ. ಬೇಗ ಸಿಗತೈತೆ.”

ಅಳತೆ

ಎರಡನೇ ಮ್ಯಾಚ್ ಹರಿಹರದಲ್ಲಿ. ನಮ್ಮ ತಂಡದ ಅತಿ ಎತ್ತರದ ಹುಡುಗಿಯ ಊರೂ ಅದೇ. ಅವಳ ಅಪ್ಪ ಟೈಲರ್. ಮಗಳು ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಗೆದ್ದ ಸುದ್ದಿ ಕೇಳಿ ಆವತ್ತು ಅಂಗಡಿ ಮುಚ್ಚಿ, ಬಳೆ ಅಂಗಡಿಯವರು, ಸೈಕಲ್ ರಿಪೇರಿಯವರು ಅಂತ ಬೀದಿಯ ಅರ್ಧ ಜನರನ್ನು ಕರೆದುಕೊಂಡು ಬಂದಿದ್ದರು. ನನ್ನನ್ನು ಕೇಳಿದ್ದು ಒಂದೇ ಮಾತು, ನಮ್ಮ ಮಕ್ಕಳು ಯಾವ ರಿಂಗಿಗೆ ಹಾಕಬೇಕು ಅಂತ. ನಾನು ತಲೆ ಕೆಟ್ಟವಳಂತೆ ಓಡಾಡುತ್ತಿದ್ದೆ. ನದಿಯ ಕಡೆಯದನ್ನು ತೋರಿಸಿ ಮುಂದೆ ಹೋದೆ. ಹಾಫ್ ಟೈಮ್ ಆದ ಮೇಲೆ ಎರಡೂ ತಂಡ ಕಡೆ ಬದಲಾಯಿಸುತ್ತವೆ ಅನ್ನುವುದನ್ನು ಹೇಳಲಿಲ್ಲ.

ಮೊದಲರ್ಧ ಲೆಕ್ಕ ತಪ್ಪದೆ ಚಪ್ಪಾಳೆ ಬಿತ್ತು. ಎರಡನೇ ಅರ್ಧದಲ್ಲಿ ಹುಡುಗಿ ಚೆಂಡು ಹಿಡಿದು ಇನ್ನೊಂದು ರಿಂಗಿನ ಕಡೆ ನುಗ್ಗಿದಳು. ಅಪ್ಪ ಎದ್ದು ನಿಂತರು.

“ಬೇಟಿ, ಅಲ್ಲಿ ಬ್ಯಾಡ, ಅದು ಅವರ್ದು.”

ಹಿಂದಿನಿಂದ ಇಡೀ ಬೀದಿ ಅದನ್ನೇ ಕೂಗಿತು. ಅಪ್ಪನ ಮಾತು ಎಂದೂ ಮೀರದ ಮಗಳು ಚೆಂಡು ಹಿಡಿದುಕೊಂಡು ನಿಂತೇಬಿಟ್ಟಳು. ರೆಫರಿ ಚೆಂಡನ್ನು ಎದುರು ತಂಡಕ್ಕೆ ಕೊಟ್ಟ. ಇದು ಮೂರು ಸಲ ಆಯಿತು. ನಾನು ಕೋರ್ಟು ಸುತ್ತಿ ಓಡಿ ಹೋಗಿ, ಏದುಸಿರು ಬಿಡುತ್ತಾ ಅವಳ ಅಪ್ಪನಿಗೆ ನಿಯಮ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಗೋ ಮೂರು ಪಾಯಿಂಟಿನಲ್ಲಿ ಗೆದ್ದೆವು. ಆದರೆ ಅಪ್ಪನಿಗೆ ಸಮಾಧಾನ ಆಗಿರಲಿಲ್ಲ. ಹೊರಡುವಾಗ ಬಸ್ಸಿನ ಕಿಟಕಿಯ ಹತ್ತಿರ ಬಂದು ಕೇಳಿದರು:

“ಅರ್ಧ ಹೊಲಿದ ಮ್ಯಾಲೆ ಅಳತೆ ಬದಲಾಯಿಸಿದ್ರೆ ಬಟ್ಟೆ ಹೆಂಗೆ ಕೂಡ್ರುತ್ತೆ ಮೇಡಂ?”

ಇಬ್ಬರ ಹರಕೆ

ಮೂರನೇ ಮ್ಯಾಚ್ ನಮ್ಮೂರಿನದೇ ಇನ್ನೊಂದು ಕಾಲೇಜಿನ ಮೇಲೆ. ನಮ್ಮ ಕ್ಯಾಂಟೀನ್ ಅಕ್ಕ ಯಾರಿಗೂ ಹೇಳದೆ ಉಕ್ಕಡಗಾತ್ರಿಗೆ ಹೋಗಿ ಕರಿಬಸವೇಶ್ವರನಿಗೆ ಹರಕೆ ಹೊತ್ತು ಬಂದಳು. ಸಾಲಿನಲ್ಲಿ ಅವಳ ಮುಂದೆ ನಿಂತಿದ್ದ ಹೆಂಗಸು ಒಳ್ಳೆಯ ಮಾತುಗಾತಿಯಂತೆ. ಮಾತಿಗೆ ಮಾತು ಬೆಳೆದು, ಆಕೆ ಎದುರು ತಂಡದ ಹುಡುಗಿಯೊಬ್ಬಳ ಚಿಕ್ಕಮ್ಮ, ಆಕೆ ಬಂದದ್ದೂ ಅದೇ ಮ್ಯಾಚಿಗಾಗಿ ಅಂತ ಗೊತ್ತಾಯಿತು. ಇಬ್ಬರೂ ತಮ್ಮ ತಮ್ಮ ಹರಕೆ ಹೊತ್ತು, ಆಮೇಲೆ ಬುತ್ತಿ ಹಂಚಿಕೊಂಡು ಉಂಡು ಬಂದರು.

ಮ್ಯಾಚಿನ ದಿನ ಬೆಳಗ್ಗೆಯೇ ಮಳೆ ಹಿಡಿದು ಕೋರ್ಟು ಕೆರೆಯಾಯಿತು. ಆಟ ಮುಂದಿನ ವಾರಕ್ಕೆ ಹೋಯಿತು. ನಾನು ಇನ್ನೊಂದು ವಾರ ಈ ಸಂಕಟ ಹೇಗೆ ತಡೆಯಲಿ ಅಂತ ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರೆ, ಅಕ್ಕ ಆರಾಮಾಗಿ ಮಿರ್ಚಿ ಕರಿಯುತ್ತಿದ್ದಳು. “ಇಬ್ರೂ ಒಂದೇ ದಿನ ಕೇಳೀವಿ. ಸ್ವಾಮಿಗೂ ಯೋಚನೆ ಮಾಡಾಕೆ ಟೈಮ್ ಬೇಕಲ್ರಿ,” ಅಂದಳು.

ಸೀಟಿ

ಆ ವಾರ ಕಳೆಯುವಷ್ಟರಲ್ಲಿ ಹುಡುಗಿಯರು ಚಿಂತೆಯಲ್ಲಿ ಸೊರಗಿ ಅರ್ಧವಾಗಿದ್ದರು. ಎದುರಿಗೆ ಸಿಕ್ಕವರೆಲ್ಲ ಕಪ್ ಯಾವಾಗ ಅಂತ ಕೇಳುವವರೇ. ಮ್ಯಾಚಿನ ದಿನ ತಂಡದ ಕ್ಯಾಪ್ಟನ್ ತಿಂಡಿ ತಟ್ಟೆ ಹಾಗೇ ಬಿಟ್ಟು ನನ್ನ ಹತ್ತಿರ ಬಂದು ಕೇಳಿದಳು: “ಮೇಡಂ, ಸೋತ್ರೆ ನಾಳೆ ನಮ್ಮನ್ನ ಗೇಟಿನೊಳಗೆ ಬಿಡ್ತಾರಾ?” ನನಗೆ ನಗು ಬರಲಿಲ್ಲ. ಬಿಡ್ತಾರೆ ಅಂದೆ, ಆದರೆ ನನಗೇ ಗ್ಯಾರಂಟಿ ಇರಲಿಲ್ಲ.

ಕೋರ್ಟಿಗೆ ಬಂದರೆ ಶಾಮಿಯಾನ, ಅದರ ಪಕ್ಕದಲ್ಲಿ ಬ್ಯಾಂಡ್ ಸೆಟ್. ಗೆದ್ದ ಮೇಲೆ ಮೆರವಣಿಗೆಗೆ ಅಂತ ಸೂಪರಿಂಟೆಂಡೆಂಟ್ ಕಡರನಾಯಕನಹಳ್ಳಿಯಿಂದ ಕರೆಸಿದ್ದರು. ಆಟ ಮುಗಿದಾಗ ರೆಫರಿ ಸೀಟಿ ಹೊಡೆಯುತ್ತಾನೆ, ಆಗ ಬಾರಿಸಿ ಅಂತ ಇವರು ಹೇಳಿದ್ದು. ಬ್ಯಾಂಡ್ ಮೇಸ್ತ್ರಿಯ ಕಿವಿಗೆ ಬಿದ್ದದ್ದು ಸೀಟಿ ಅನ್ನುವುದೊಂದೇ.

ಆಟ ಶುರುವಾಗಿ ಒಂದು ನಿಮಿಷಕ್ಕೆ ಫೌಲ್ ಆಯಿತು, ರೆಫರಿ ಸೀಟಿ ಹೊಡೆದ. ಮದುವೆ ದಿಬ್ಬಣದ ಬ್ಯಾಂಡು ಒಮ್ಮೆಲೇ ಮೊಳಗಿತು. ಗೆದ್ದೆವು ಅಂದುಕೊಂಡು ಜನ ಕೋರ್ಟಿಗೆ ನುಗ್ಗಿದರು. ಅವರನ್ನು ಹೊರಗೆ ಹಾಕಿ ಆಟ ಶುರು ಮಾಡಿದರೆ ಇನ್ನೊಂದು ಫೌಲು, ಇನ್ನೊಂದು ಸೀಟಿ, ಮತ್ತೆ ಬ್ಯಾಂಡು. ಐದನೇ ಸಲಕ್ಕೆ ನಾನೇ ಓಡಿ ಹೋಗಿ, ಇನ್ನು ಯಾವ ಸೀಟಿಗೂ ಬಾರಿಸಬೇಡಿ ಅಂತ ಕೈ ಮುಗಿದೆ. ತಿರುಗಿ ನೋಡಿದರೆ ನಮ್ಮ ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಎದುರು ತಂಡದವರೂ ನಗುತ್ತಿದ್ದಾರೆ. ಆಮೇಲೆ ನಮ್ಮ ಹುಡುಗಿಯರು ಆಡಿದ ಆಟವನ್ನು ನಾನು ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ.

ಎರಡು ಪಾಯಿಂಟಿನಲ್ಲಿ ಸೋತೆವು.

ಕೊನೆಯ ಸೀಟಿ ಬಿತ್ತು. ಯಾರೂ ಕದಲಲಿಲ್ಲ. ಇಷ್ಟು ಉದ್ದದ ಸೀಟಿ ಅಂದಮೇಲೆ ಇದೇ ನಿಜವಾದದ್ದು ಅಂತ ಬ್ಯಾಂಡ್ ಮೇಸ್ತ್ರಿ ತೀರ್ಮಾನಿಸಿದ. ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಉಸಿರನ್ನೆಲ್ಲ ಸೇರಿಸಿ ಊದಿದರು, ಬಾರಿಸಿದರು. ಶಾಮಿಯಾನದಿಂದ ಪ್ರಿನ್ಸಿಪಾಲರು ಹಾರ ಹಿಡಿದುಕೊಂಡು ಗಂಭೀರವಾಗಿ ನಡೆದು ಬಂದು, ನಮ್ಮ ಕ್ಯಾಪ್ಟನ್ ಕೊರಳಿಗೆ ಹಾಕಿದರು. ತಡೆಯೋಣ ಅಂತ ಹೋದ ನಾನು ಎರಡು ಹೆಜ್ಜೆ ದೂರದಲ್ಲೇ ನಿಂತೆ.

ಅವಳು ಕಣ್ಣು ಒರೆಸಿಕೊಳ್ಳುತ್ತಾ, “ಸರ್, ನಾವು ಸೋತ್ವಿ,” ಅಂದಳು.

ಪ್ರಿನ್ಸಿಪಾಲರು ಹಾರ ಸರಿ ಮಾಡುತ್ತಾ ಅವಳ ಕಿವಿಯ ಹತ್ತಿರ ಬಗ್ಗಿದರು.

“ನೋಡಿದ್ನಮ್ಮ. ಬ್ಯಾಂಡಿನವರಿಗೆ ಹೇಳಬ್ಯಾಡ, ಪಾಪ, ಈಗ ತಾನೇ ಚಲೋ ಬಾರಿಸ್ತಿದಾರೆ.”