ಎಡ್ನಾ ಆಂಟಿಯ ವೋಟು

ಎಡ್ನಾ ಆಂಟಿ ಕಿಟಕಿಗೆ ಲೇಬರ್ ಪಕ್ಷದ ಕೆಂಪು ಪೋಸ್ಟರ್ ಅಂಟಿಸಲು ಸ್ಟೂಲು ಹತ್ತಿದ್ದೇ ಎಲ್ಲಕ್ಕೂ ಮೂಲ. ಎಂಬತ್ತು ದಾಟಿದ ಜೀವ. ಸ್ಟೂಲು ವಾಲಿತು, ಸೊಂಟ ಮುರಿಯಿತು, ಆಸ್ಪತ್ರೆ ಸೇರಿದ್ದಾಯಿತು. ಚುನಾವಣೆ ಕಣ್ಣೆದುರಿಗೇ ಇತ್ತು. ಮತಗಟ್ಟೆಗೆ ಬರಲಾಗದವರ ವೋಟನ್ನು ಅವರು ಹೇಳಿದವರು ಹಾಕಬಹುದೆಂದು ಅಲ್ಲಿನ ಕಾನೂನು. ತನ್ನ ಪರವಾಗಿ ವೋಟು ಹಾಕುವ ಭಾರವನ್ನು ಆಕೆ ಪಕ್ಕದ ಮನೆಯ ಕ್ಲಿಫರ್ಡ್ ಹೆಸ್ಲಪ್‌ನ ಹೆಗಲಿಗೆ ಹಾಕಿದರು.

"ಲೇಬರ್‌ಗೇ ಹಾಕ್ಬೇಕು ಕಣೋ ಕ್ಲಿಫ್! ಇಲ್ದಿದ್ರೆ ನನ್ನ ವಿಲ್ಫ್ ಗೋರಿಯಿಂದ ಎದ್ದು ಬರ್ತಾನೆ" ಎಂದರು, ಹಾಸಿಗೆ ಪಕ್ಕ ಕೂತಿದ್ದ ಮೇವಿಸ್ ಕ್ರಾಗ್ಸ್‌ಗೂ ಚೆನ್ನಾಗಿ ಕೇಳಿಸುವಂತೆ. ವಿಲ್ಫ್ ಆಕೆಯ ತೀರಿಹೋದ ಗಂಡ, ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾಗಿದ್ದವನು. ಇಂಗ್ಲೆಂಡಿನ ಕಲ್ಲಿದ್ದಲು ಗಣಿಯ ಊರು ಥಾರ್ನ್‌ಬೆಕ್‌ಗೆ ಮೇವಿಸ್ ಕಿವಿಯೂ ಹೌದು, ಬಾಯಿಯೂ ಹೌದು.

ಕ್ಲಿಫರ್ಡ್ ತಲೆಯಾಡಿಸಿದ, ಆಡಿಸುತ್ತಲೇ ಬೆವರಿದ. ಹುಟ್ಟಿದ ಮೇಲೆ ಮೊದಲ ಸಲ ತನ್ನ ವೋಟನ್ನು ಟೋರಿಗಳಿಗೆ, ಅಂದರೆ ನೀಲಿ ಪಕ್ಷಕ್ಕೆ, ಹಾಕಬೇಕೆಂದು ಅವನು ಗುಟ್ಟಾಗಿ ತೀರ್ಮಾನಿಸಿದ್ದ.

ಚುನಾವಣೆಯ ಬೆಳಿಗ್ಗೆ ಮಗಳು ರೋವೆನಾ ಫೋನ್ ಮಾಡಿದಳು. ಯಾರು ಯಾಕೆ ಯಾರಿಗೆ ವೋಟು ಹಾಕುತ್ತಾರೆ ಎಂಬುದನ್ನೇ ನ್ಯೂಕ್ಯಾಸಲ್‌ನ ಯೂನಿವರ್ಸಿಟಿಯಲ್ಲಿ ಪಾಠ ಮಾಡುವವಳು.

"ಅಪ್ಪಾ, ಅರವತ್ತು ದಾಟಿದೆ, ಡಿಗ್ರಿ ಇಲ್ಲ, ಮನೆ ಸ್ವಂತದ್ದು. ಇವೆಲ್ಲಾ ನಿನ್ನನ್ನ ನೀಲಿ ಕಡೆ ಎಳೀತವೆ. ತಾತ ಗಣಿಯವನು, ಬೀದಿ ಗಣಿಯವರದ್ದು, ಇವು ಕೆಂಪು ಕಡೆ ಎಳೀತವೆ. ಯಾವ್ದು ಗೆಲ್ಲತ್ತೆ ಹೇಳು ನೋಡೋಣ?"

"ನಿಮ್ಮಪ್ಪನ್ನೇನು ಹಗ್ಗ ಅಂದ್ಕೊಂಡ್ಯಾ?" ಎಂದು ಗದರಿ ಫೋನಿಟ್ಟ. ಹಗ್ಗ ನೀಲಿ ಕಡೆ ಜಾರಿ ಆಗಲೇ ತಿಂಗಳಾಗಿತ್ತು.

ಅವನ ಭಯವೆಲ್ಲ ಸ್ಟ್ಯಾನ್ ಪರ್ವಿಸ್‌ನನ್ನು ನೋಡಿ ಹುಟ್ಟಿದ್ದು. ಟೋರಿ ಸರ್ಕಾರದ ವಿರುದ್ಧ ನಡೆದ ಗಣಿಯ ದೊಡ್ಡ ಮುಷ್ಕರದಲ್ಲಿ ಸ್ಟ್ಯಾನ್‌ನ ಅಪ್ಪ ಮುಷ್ಕರ ಮುರಿದು ಕೆಲಸಕ್ಕೆ ಹೋಗಿದ್ದ. ಆಮೇಲೆ ಗಣಿ ಮುಚ್ಚಿತು, ಅಪ್ಪನೂ ಸತ್ತ, ಮೂವತ್ತೈದು ವರ್ಷ ಕಳೆಯಿತು. ಆದರೂ ಊರಿನ ಕ್ಲಬ್ಬಿನಲ್ಲಿ ಸ್ಟ್ಯಾನ್ ಇವತ್ತಿಗೂ ಕಕ್ಕಸಿನ ಬಾಗಿಲ ಪಕ್ಕದ ಮೇಜಿನಲ್ಲಿ ಒಬ್ಬನೇ ಕೂತು ಬಿಯರ್ ಕುಡಿಯುತ್ತಾನೆ. ಒಂದು ನರಪಿಳ್ಳೆಯೂ ಅವನನ್ನು ಮಾತಾಡಿಸುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಕ್ಲಿಫರ್ಡ್‌ಗೆ ಈ ಲೋಕದಲ್ಲಿ ಉಳಿದಿದ್ದು ಅದೇ ಕ್ಲಬ್ಬಿನ ಡಾಮಿನೋ ಆಟದ ಮೇಜಿನ ಒಂದು ಕುರ್ಚಿ. ಅದೂ ಹೋದರೆ ಸಂಜೆಗಳನ್ನು ಎಲ್ಲಿಗೆ ಹೊತ್ತುಕೊಂಡು ಹೋಗುವುದು?

ಮತಗಟ್ಟೆ ಇದ್ದದ್ದು ಊರಿನ ಶಾಲೆಯಲ್ಲಿ. ಬಾಗಿಲಲ್ಲೇ ಎದೆಗೆ ಕೆಂಪು ರಿಬ್ಬನ್ನಿನ ಹೂ ಚುಚ್ಚಿಕೊಂಡು, ಬಂದವರನ್ನೆಲ್ಲ ಗುರುತು ಮಾಡಿಕೊಳ್ಳುತ್ತ ಮೇವಿಸ್ ಕೂತಿದ್ದಳು.

"ಬಾಪ್ಪಾ, ಎರಡು ವೋಟಿನ ಧಣಿ! ಎರಡೂ ನಮ್ಮವೇ ತಾನೆ?"

"ಮತ್ತಿನ್ಯಾರದ್ದು?"

"ಹಿಮ ಬೀಳೋ ಹಾಗಿದೆ, ನೀನ್ಯಾಕೋ ಬೆವರ್ತಿದ್ದೀಯ?"

"ಕೋಟು ದಪ್ಪ" ಎಂದು ಒಳಗೆ ನುಗ್ಗಿದ.

ಎರಡು ಮತಪತ್ರ ಮುಂದಿಟ್ಟುಕೊಂಡು ಮರೆಯಲ್ಲಿ ನಿಂತು, ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದ. ನನ್ನದು ನೀಲಿ, ಆಂಟಿಯದು ಕೆಂಪು, ನನ್ನದು ನೀಲಿ, ಆಂಟಿಯದು ಕೆಂಪು ಎಂದು ಜಪಿಸಿದ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಮೇವಿಸ್ ಕೆಮ್ಮಿದಳು. ಕದ್ದ ಬೆಣ್ಣೆ ಬಾಯಲ್ಲಿರುವಾಗಲೇ ಸಿಕ್ಕಿಬಿದ್ದ ಬೆಕ್ಕಿನಂತೆ ಕ್ಲಿಫರ್ಡ್ ಬೆಚ್ಚಿದ. ಗೀಚಿದ, ಮಡಚಿದ, ಎರಡನ್ನೂ ಪೆಟ್ಟಿಗೆಗೆ ತುರುಕಿದ. ಹೊಸ್ತಿಲು ದಾಟುವಾಗ ಕೈಗೆ ತಾನು ಮಾಡಿದ್ದು ನೆನಪಾಯಿತು. ಎರಡು ಕಾಗದದಲ್ಲೂ ಅದು ಒಂದೇ ಜಾಗಕ್ಕೆ ಹೋಗಿತ್ತು. ಎರಡೂ ನೀಲಿ.

ಓಡಿ ವಾಪಸು ಬಂದ. "ಸಾರ್, ಈಗ ಹಾಕಿದ್ದು ಒಂದ್ಸಲ ತೆಗೆದು ಕೊಡ್ತೀರಾ? ಮೇಲೇ ಇರತ್ತೆ."

"ಪೆಟ್ಟಿಗೆಗೆ ಬಿದ್ದ ಮೇಲೆ ಮುಗೀತು" ಎಂದ ಅಧಿಕಾರಿ.

"ಸ್ವಲ್ಪ ಬೋರಲು ಹಾಕಿ ಅಲ್ಲಾಡ್ಸಿದ್ರೆ?"

"ಪೊಲೀಸರನ್ನ ಕರೀಲಾ?"

ಕ್ಲಿಫರ್ಡ್ ಅಲ್ಲೇ ಇದ್ದ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕುಸಿದ. ಮಂಡಿ ಗದ್ದಕ್ಕೆ ತಾಕುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಮೇವಿಸ್ ಬಂದು ಭುಜ ಹಿಡಿದಳು. "ಏನಾಯ್ತೋ?"

ನಿಜ ಹೇಳುವುದುಂಟೇ? "ಎಡ್ನಾ ಆಂಟಿ ನೆನಪಾಯ್ತು, ಮೇವಿಸ್. ಉಳಿಯೋದು ಕಷ್ಟ ಅಂತ ಕಾಣತ್ತೆ" ಎಂದುಬಿಟ್ಟ.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಎಡ್ನಾಳ ಕೊನೆಯುಸಿರು ಎಣಿಸುತ್ತಿತ್ತು. ಕ್ಲಬ್ಬಿನಲ್ಲಿ ಡಾಮಿನೋ ತಂಡದ ನಾಯಕ ಡೆನಿಸ್ ತಾನೇ ಬಿಯರ್ ತಂದಿಟ್ಟ. "ನಿನ್ನಂಥ ನೆರೆಯವನು ಪುಣ್ಯವಂತರಿಗೆ ಸಿಗ್ತಾನೆ. ಸಾಯೋ ಮುದುಕಿಯ ಕೊನೇ ವೋಟು ಹಾಕಿ ಬಂದೆಯಲ್ಲಪ್ಪ!" ಎಂದ. ಕ್ಲಿಫರ್ಡ್ ಗ್ಲಾಸನ್ನು ಪಕ್ಕಕ್ಕೆ ಸರಿಸಿದ. ಕಕ್ಕಸಿನ ಬಾಗಿಲ ಪಕ್ಕದಿಂದ ಸ್ಟ್ಯಾನ್ ನೋಡುತ್ತಿದ್ದ. ತನಗಾಗಿ ಅವನು ಪಕ್ಕದ ಕುರ್ಚಿಯ ಧೂಳು ಕೊಡವಿ ಇಟ್ಟಿದ್ದಾನೇನೋ ಎಂದು ಕ್ಲಿಫರ್ಡ್‌ಗೆ ಅನ್ನಿಸಿತು.

ತಡೆಯಲಾರದೆ ಬಸ್ಸು ಹತ್ತಿ ಆಸ್ಪತ್ರೆಗೆ ಹೋದ. ಎಡ್ನಾ ಆಂಟಿ ದಿಂಬಿಗೊರಗಿ ಗಟ್ಟಿಮುಟ್ಟಾಗಿ ಬಿಸ್ಕತ್ತು ತಿನ್ನುತ್ತಿದ್ದರು.

"ಆಂಟಿ, ಬೈದ್ರೂ ಸರಿ, ಹೊಡೆದ್ರೂ ಸರಿ. ಹೆದರಿಕೇಲಿ ಎರಡೂ ವೋಟು ಟೋರಿಗೆ ಹಾಕ್ಬಿಟ್ಟೆ. ನನ್ನದೂ, ನಿಮ್ಮದೂ."

"ಮೆಲ್ಲಗೆ ಮಾತಾಡೋ! ಮೊದ್ಲು ಪರದೆ ಎಳಿ" ಎಂದರು ಆಂಟಿ. ಎಳೆದ. ಆಕೆ ಅವನ ಕಿವಿ ಹಿಡಿದು ಹತ್ತಿರಕ್ಕೆಳೆದರು. "ನಿಜವಾಗ್ಲೂ ಎರಡೂನಾ? ಜಾಣ ಕಣೋ ನೀನು! ಬಾಡಿಗೆಗಿದ್ದ ಕೌನ್ಸಿಲ್ ಮನೆಯನ್ನ ಟೋರಿಗಳು ನಮಗೇ ಅಗ್ಗಕ್ಕೆ ಕೊಡಿಸಿದ್ರಲ್ಲ, ಅವತ್ತಿಂದ ನಾನು ಹಾಕ್ತಿರೋದು ಅವರಿಗೇ. ವಿಲ್ಫ್‌ಗೂ ಗೊತ್ತಿರ್ಲಿಲ್ಲ. ಮೊನ್ನೆ ಮೇವಿಸ್ ಪಕ್ಕದಲ್ಲೇ ವಕ್ಕರಿಸಿದ್ಲು, ಇನ್ನೇನು ಅಂತ ಹೇಳ್ಲಿ?"

"ಮತ್ತೆ ಆ ಪೋಸ್ಟರ್?"

"ಪೋಸ್ಟರ್ ಬೀದಿಗೆ ಕಣೋ, ವೋಟು ನನಗೆ."

ಎದೆಯ ಮೇಲಿದ್ದ ಬಂಡೆ ಇಳಿದಂತಾಯಿತು. ಬೆಳಗಿನಿಂದ ತಡೆದಿದ್ದ ಉಸಿರೆಲ್ಲ ನಗುವಾಗಿ ಹೊರಬಂತು. "ಹಂಗಾದ್ರೆ ಎರಡೂ ಟೋರಿಗೇ ಬಿದ್ದಿದ್ದು ಒಳ್ಳೇದೇ ಆಯ್ತು!" ಎಂದು ಕ್ಲಿಫರ್ಡ್ ಗಟ್ಟಿಯಾಗಿ ಹೇಳಿದ.

ಪರದೆ ಸರಿಯಿತು. ದ್ರಾಕ್ಷಿ ಗೊಂಚಲು ಹಿಡಿದ ಮೇವಿಸ್, ಅವಳ ಹಿಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದ ಡೆನಿಸ್ ಮತ್ತು ಡಾಮಿನೋ ತಂಡ. ಸಾಯುವವಳ ಮುಖವನ್ನು ಕೊನೆಯ ಸಲ ನೋಡಲು ಬಂದಿದ್ದರು.

ಎಡ್ನಾ ಆಂಟಿ ಒಂದು ಗಳಿಗೆಯೂ ತಡಮಾಡಲಿಲ್ಲ. ಎದೆಗೆ ಕೈ ಬಡಿದುಕೊಂಡರು. "ಅಯ್ಯಯ್ಯೋ! ಕೇಳಿದ್ಯೇನೇ ಮೇವಿಸ್? ಈ ಪಾಪಿ ನನ್ನ ವೋಟನ್ನ ಟೋರಿಗಳ ಪಾಲು ಮಾಡಿ ಬಂದಿದಾನೆ! ನನ್ನ ವಿಲ್ಫ್ ಮುಖಕ್ಕೆ ಮಸಿ ಬಳಿದ್ನಲ್ಲೇ!"

ಸಾಯುವವರ ಗಂಟಲಿಗೆ ಅಷ್ಟು ಬಲ ಇರುವುದಿಲ್ಲ. ಆದರೆ ಅದು ಯಾರಿಗೂ ಹೊಳೆಯಲಿಲ್ಲ, ಎಲ್ಲರೂ ಕ್ಲಿಫರ್ಡ್‌ನನ್ನೇ ನೋಡುತ್ತಿದ್ದರು. ಅವನು ಬಾಯಿ ತೆರೆದ. ಕಂಬಳಿಯ ಕೆಳಗೆ ಮುದುಕಿಯ ಕೈ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಅದು ಬೆವರಿತ್ತು. ಬೆಳಗಿನಿಂದ ತಾನು ಬೆವರಿದ ಹಾಗೆಯೇ. ಪಾಪ, ಈ ವಯಸ್ಸಿನಲ್ಲಿ ಈಕೆ ಯಾವ ಬಾಗಿಲ ಪಕ್ಕ ಹೋಗಿ ಕೂರಬೇಕು? ಕ್ಲಿಫರ್ಡ್ ತೆರೆದ ಬಾಯಿ ಮುಚ್ಚಿದ.

ಸಂಜೆ ಕ್ಲಬ್ಬಿಗೆ ಹೋದಾಗ ಅವನ ಕುರ್ಚಿಯ ಮೇಲೆ ಡೆನಿಸ್‌ನ ಕೋಟು ಕೂತಿತ್ತು. ಯಾರೂ ತಲೆಯೆತ್ತಲಿಲ್ಲ. ಕ್ಲಿಫರ್ಡ್ ತನ್ನ ಗ್ಲಾಸು ಹಿಡಿದು, ಉದ್ದ ಹಾಲನ್ನು ದಾಟಿ, ಕಕ್ಕಸಿನ ಬಾಗಿಲ ಪಕ್ಕಕ್ಕೆ ಹೋದ. ಪುಣ್ಯಕ್ಕೆ ಇಲ್ಲೊಬ್ಬನಾದರೂ ಇದ್ದಾನಲ್ಲ ಎಂದುಕೊಂಡ.

"ಇಲ್ಲಿ ಕೂತ್ಕೊಬಹುದಾ, ಸ್ಟ್ಯಾನ್?"

ಸ್ಟ್ಯಾನ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಎರಡೂ ವೋಟು ಟೋರಿಗಂತೆ, ಹೌದಾ?"

ಕ್ಲಿಫರ್ಡ್ ತಲೆಯಾಡಿಸಿದ.

"ನಮ್ಮಪ್ಪ ಏನೇ ಮಾಡಿರ್ಲಿ, ನಾನು ಇಲ್ಲೀವರೆಗೆ ಲೇಬರ್ ಬಿಟ್ಟು ಬೇರೆಯವರಿಗೆ ಹಾಕಿದವನಲ್ಲ" ಎಂದ ಸ್ಟ್ಯಾನ್, ಡಾಮಿನೋ ಮೇಜಿಗೂ ಕೇಳಿಸುವಂತೆ. ತನ್ನ ಗ್ಲಾಸು ಎತ್ತಿಕೊಂಡು ಎದ್ದು ಅತ್ತ ನಡೆದ.

ಆಟಕ್ಕೆ ಒಬ್ಬ ಕಡಿಮೆಯಿದ್ದ. ಡೆನಿಸ್ ಒಂದು ಕ್ಷಣ ಯೋಚಿಸಿದ, ಆಮೇಲೆ ಕುರ್ಚಿಯ ಮೇಲಿಂದ ಕೋಟು ತೆಗೆದ.